ಕ್ರ್ಯಾಶ್ ಡಂಪಿಗೆ ಮೆಮೊರಿ ಲಿಸ್ಟ್ ಯಾರ ಮಾಡ್ಬೇಕು, ಕೆಕ್ಸೆಕ್ ಟೂಲೋ ಕರ್ನಲ್ಲೋ?

ಬೆಳಗಾವಿ ಉದ್ಯಮಬಾಗದಾಗ ಒಂದ ಸಣ್ಣ ಫೌಂಡ್ರಿಯ ಲಿನಕ್ಸ್ ಸರ್ವರ್ ನಾನ ನೋಡ್ಕೋತೀನ್ರಿ. ಒಮ್ಮಿ ಪ್ಯಾನಿಕ್ ಆತು, ಅಂದ್ರ ಕರ್ನಲ್ (ಲಿನಕ್ಸಿನ ತಿರುಳು) ಕೆಟ್ಟು ನಿಂತತು. ಆ ಹೊತ್ತಿನ ಮೆಮೊರಿ ಫೈಲಿನ್ಯಾಗ ಉಳಸೂ ಕೆಡಂಪ್ ಇತ್ತು, ಆ ಫೈಲ್ ಅಂದ್ರ ಡಂಪೂ ಬಂತು, ಅದನ್ನ ಓದೂ ಕ್ರ್ಯಾಶ್ ಟೂಲಿನ್ಯಾಗ ತಗದ್ರ ಬೇಕಾದ ಅಡ್ರೆಸ್ಸಿಗೇ ‘ಸೀಕ್ ಎರರ್’. ಹಿಂದಿನ ವಾರ ಆ ಸರ್ವರಿನ ವಿಎಂಗೆ (ವರ್ಚುವಲ್ ಮಶೀನ್) ನಡಿಯೂವಾಗಲೇ 2 ಜಿಬಿ ರ‍್ಯಾಮ್ ಹಚ್ಚಿದ್ದೆ, ಅದ ಡಂಪಿನ್ಯಾಗ ಇರಲೇ ಇಲ್ಲ, ಯಾವ ಮೆಮೊರಿ ಡಂಪಿಗೆ ಹೋಗ್ಬೇಕಂತ ಹೇಳೂ ಲಿಸ್ಟಿನ್ಯಾಗ ಅದ ಹತ್ತಿರಲಿಲ್ಲ. ಅದಕ್ಕ ಮನ್ಯಾಗ ಬ್ಯಾರೆ ವಿಎಂ ಮಾಡಿ, ಕರ್ನಲ್ಲಿಗೆ ನೇರ ಆಜ್ಞೆ ಕೊಡೂ ಸಿಸ್‌ರಿಕ್ಯೂಗೆ ‘ಸಿ’ ಒತ್ತಿ ಬೇಕಂತ ಕೆಡವಿ ಕೆಡವಿ ನೋಡ್ದೆ.

ಕೆಕ್ಸೆಕ್ ಅಂದ್ರ ಡಂಪ್ ತಗಿಯೂ ಎರಡನೇ ಕರ್ನಲ್ ಮೊದಲೇ ಲೋಡ್ ಮಾಡಿಡೂ ಟೂಲ್. ಅದರ ಹಳೇ ದಾರಿ, ಅಂದ್ರ ಮೈನಸ್ ಸಿ ಆಪ್ಶನ್: ಆ ಟೂಲ್ ಪ್ರೊಕ್ ಒಳಗಿನ ಐಓಮೆಮ್ ಫೈಲ್ (ಮೆಮೊರಿ ನಕಾಶೆ) ಓದಿ, ‘ಸಿಸ್ಟಮ್ ರ‍್ಯಾಮ್’ ಅಂತಿರೂ ಸಾಲೆಲ್ಲಾ ಆರಿಸಿ ಲಿಸ್ಟ್ ಮಾಡ್ತೈತಿ. ಛಲೋ ಏನಂದ್ರ ನೀವೂ ಅದೇ ಫೈಲ್ ಓದಿ ತಾಳೆ ನೋಡ್ಬಹುದು, ಆದ್ರ ರೂಟ್ ಆಗಿ ಓದ್ರಿ, ಇಲ್ಲಂದ್ರ ಅಡ್ರೆಸ್ ಎಲ್ಲಾ ಸೊನ್ನಿ ಕಾಣ್ತಾವ, ನಾ ಅರ್ಧ ತಾಸ ಅದರಾಗ ಹಾಳ ಮಾಡೀನಿ. ಮೈನಸ್ ಎಸ್ ಹಾಕಿದ್ರ ಕರ್ನಲ್ ತಾನ ಲಿಸ್ಟ್ ಕಟ್ಟತೈತಿ, ಸಹಿ ಇಲ್ಲದ ಕರ್ನಲ್ ತಡಿಯೂ ಸೆಕ್ಯೂರ್ ಬೂಟ್ ಲಾಕ್‌ಡೌನ್ ಇದ್ರ ಇದೊಂದ ನಡೀತೈತಿ.

ಹಂಗಾದ್ರ ಎಸ್ ಗೆದ್ದತು ಅನ್ಕೊಂಡಿದ್ದೆ. ಇಲ್ಲರಿ! ಹಳೇ ಕರ್ನಲ್ದಾಗ ಎರಡೂ ಒಂದೇ, ಲೋಡ್ ಮಾಡಿದ ಹೊತ್ತಿನ ಲಿಸ್ಟ್ ಅಲ್ಲೇ ನಿಂತಬಿಡ್ತೈತಿ. ಮನಿಗೆ ಸೊಸಿ ಬಂದಾಳ, ರೇಷನ್ ಕಾರ್ಡಿನ್ಯಾಗ ಹೆಸರ ಹತ್ತಿಲ್ಲ, ಅಂಥಾ ಪರಿಸ್ಥಿತಿ. ಮೆಮೊರಿ ಹಚ್ಚಿದ ಮ್ಯಾಲ ಕೆಡಂಪ್ ಮತ್ತ ಲೋಡ್ ಮಾಡ್ಬೇಕು, ಯುಡೆವ್ ರೂಲ್ (ಹಾರ್ಡ್‌ವೇರ್ ಬದಲಾದಾಗ ತಾನ ಓಡೂ ನಿಯಮ) ಇದ್ರ ಅದ ಮಾಡ್ತೈತಿ, ನಮ್ಮಲ್ಲಿ ಇರಲಿಲ್ಲ. ಎಕ್ಸ್86 ಪ್ರೊಸೆಸರಿಗೆ ಕರ್ನಲ್ 6.6ರಿಂದ ಕ್ರ್ಯಾಶ್ ಹಾಟ್‌ಪ್ಲಗ್ ಬಂದೈತಿ, ಅದನ್ನ ಕಾನ್ಫಿಗ್‌ದಾಗ ಹಾಕಿ ಮೈನಸ್ ಎಸ್ ಕೊಟ್ರ ಕರ್ನಲ್ ತಾನ ಲಿಸ್ಟ್ ತಿದ್ದಕೋತೈತಿ, ಹೊಸ 2 ಜಿಬಿ ಡಂಪಿನ್ಯಾಗ ಬಂತು.

ಇನ್ನೊಂದ ಮಾತು, ‘ಪೇಜ್ ಎಕ್ಸ್‌ಕ್ಲೂಡೆಡ್’ ಬಂದ್ರ ಅದ ಬ್ಯಾರೆ ರೋಗ. ಆ ಪೇಜ್ (ಮೆಮೊರಿಯ ಸಣ್ಣ ತುಂಡು) ಲಿಸ್ಟಿನ್ಯಾಗ ಐತಿ, ಡಂಪ್ ಸಣ್ಣದ ಮಾಡೂ ಮೇಕ್‌ಡಂಪ್‌ಫೈಲ್ ಬೇಕಂತ ಬಿಟ್ಟೈತಿ. ಅದಕ್ಕ ಮೈನಸ್ ಡಿ 31 ಅಂದ್ರ ಈ ಅಂಕಿ ಕೂಡಿಸಿದ್ದು: 1 ಸೊನ್ನಿ ಪೇಜು, 2 ಮತ್ತ 4 ಕ್ಯಾಶ್, 8 ಯೂಸರ್ ಡೇಟಾ, 16 ಖಾಲಿ ಪೇಜು, ಎಲ್ಲಾ ಹೊರಗ. ನಾ ಈಗ 17, ಅಂದ್ರ 1 ಮತ್ತ 16 ಅಷ್ಟ ಇಟ್ಟೀನಿ, ಡಂಪ್ ದೊಡ್ಡದಾಗ್ತೈತಿ ಖರೆ, ಆದ್ರ ಪ್ರೋಗ್ರಾಮಿನ ಡೇಟಾ ಕೈಗ ಸಿಗ್ತೈತಿ. ಫೌಂಡ್ರಿ ಸರ್ವರಿಗೆ ಕರ್ನಲ್ ಬದಲಿ ಮಾಡಾಕ ಮಾಲಕರ ಒಪ್ಪಲಿಲ್ಲ, ಅಲ್ಲಿ ಯುಡೆವ್ ರೂಲ್ ಬರದ ಹಾಕಿ ಬಂದೀನಿ.