ಕೈಪಿಡಿ ಬರೆಯಲು ಯಾವ ಪದ್ಧತಿ: ಇನ್ಫರ್ಮೇಶನ್ ಮ್ಯಾಪಿಂಗ್, ಡಿಟಾ ಅಥವಾ ಡಯಾಟಾಕ್ಸಿಸ್?

ಈ ಮೂರೂ ಪದ್ಧತಿಗಳು ಬರಹವನ್ನು ಬಿಡಿ ಘಟಕಗಳಾಗಿ ಒಡೆಯುತ್ತವೆಯಾದರೂ, ಒಡೆಯುವ ಆಧಾರ ಒಂದೊಂದರಲ್ಲೂ ಬೇರೆ.

1960ರ ದಶಕದಲ್ಲಿ ರಾಬರ್ಟ್ ಹಾರ್ನ್ ರೂಪಿಸಿದ ಇನ್ಫರ್ಮೇಶನ್ ಮ್ಯಾಪಿಂಗ್, ವಿಷಯವನ್ನು ಕಾರ್ಯವಿಧಾನ, ಪ್ರಕ್ರಿಯೆ, ನಿಯಮ, ಪರಿಕಲ್ಪನೆ, ರಚನೆ ಮತ್ತು ವಾಸ್ತವಾಂಶ ಎಂಬ ಆರು ಬಗೆಗಳಾಗಿ ವಿಂಗಡಿಸಿ, ಪ್ರತಿಯೊಂದು ಚಿಕ್ಕ ಖಂಡಕ್ಕೂ ಒಳಗಿರುವುದನ್ನು ಸೂಚಿಸುವ ಶೀರ್ಷಿಕೆಯನ್ನು ಕೊಡುತ್ತದೆ. ವಿಶೇಷ ತಂತ್ರಾಂಶವಿಲ್ಲದೆಯೂ ಇದನ್ನು ಪಾಲಿಸಬಹುದು.

ಐಬಿಎಂನಲ್ಲಿ ಹುಟ್ಟಿ 2005ರಲ್ಲಿ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಒಯಾಸಿಸ್ ಸಂಸ್ಥೆಯ ಮಾನದಂಡವಾದ ಡಿಟಾ, ಎಕ್ಸ್‌ಎಂಎಲ್ (ಬರಹದ ಭಾಗಗಳಿಗೆ ಅವುಗಳ ಬಗೆ ತಿಳಿಸುವ ಗುರುತು ಹಾಕುವ ಭಾಷೆ) ಆಧಾರಿತ ವ್ಯವಸ್ಥೆ. ಪರಿಕಲ್ಪನೆ, ಕೆಲಸ, ಆಕರ ಮಾಹಿತಿ ಎಂಬುವು ಇದರ ಮೂಲ ಬಗೆಗಳು. ಇದರ ನಿಜವಾದ ಬಲವಿರುವುದು ಮರುಬಳಕೆಯಲ್ಲಿ: ಒಂದೇ ಎಚ್ಚರಿಕೆಯ ಸೂಚನೆ ಹತ್ತು ಕೈಪಿಡಿಗಳಲ್ಲಿ ಬರಬೇಕಿದ್ದರೆ, ಅದನ್ನು ಒಂದು ಕಡೆ ಬರೆದು ಉಳಿದೆಡೆಗಳಿಂದ ಉಲ್ಲೇಖಿಸಿದರೆ ಸಾಕು, ತಿದ್ದುಪಡಿಯೂ ಅನುವಾದವೂ ಒಮ್ಮೆಯೇ ಮುಗಿಯುತ್ತವೆ. ಆದರೆ ಸೂಕ್ತ ಸಂಪಾದನಾ ತಂತ್ರಾಂಶ, ತರಬೇತಿ ಮತ್ತು ಕಟ್ಟುನಿಟ್ಟಿನ ಶಿಸ್ತು ಬೇಕಾಗುವುದರಿಂದ, ಎರಡೇ ಕೈಪಿಡಿಗಳಿರುವ ಸಣ್ಣ ತಂಡಕ್ಕೆ ಇದು ಹೊರೆಯೆಂದೇ ನನ್ನ ಅಭಿಪ್ರಾಯ.

ಡಯಾಟಾಕ್ಸಿಸ್ ಓದುಗನ ಅಗತ್ಯದಿಂದ ಹೊರಟು ಕಲಿಕೆಯ ಪಾಠ, ಕೆಲಸದ ಮಾರ್ಗದರ್ಶಿ, ಆಕರ ಮಾಹಿತಿ, ವಿವರಣೆ ಎಂದು ನಾಲ್ಕು ಭಾಗ ಮಾಡುತ್ತದೆ. ಇದರಿಂದ ಪಾಠವನ್ನೂ ಮಾರ್ಗದರ್ಶಿಯನ್ನೂ ಬೆರೆಸುವುದು (ಬಹುತೇಕರು ಎಡವುವುದು ಇಲ್ಲಿಯೇ) ತಪ್ಪುತ್ತದೆ. ವಾಕ್ಯ, ಖಂಡಗಳ ರಚನೆಯ ಬಗ್ಗೆ ಮಾತ್ರ ಇದು ಹೆಚ್ಚೇನೂ ಹೇಳುವುದಿಲ್ಲ.

ತಂತ್ರಾಂಶದ ದಾಖಲೆಗಳನ್ನು ಹೊಸದಾಗಿ ಆರಂಭಿಸುವವರು ಡಯಾಟಾಕ್ಸಿಸ್ ಅನ್ನೂ, ಕಚೇರಿಯ ನಿಯಮ ಮತ್ತು ಕಾರ್ಯವಿಧಾನಗಳನ್ನು ಬರೆಯುವವರು ಇನ್ಫರ್ಮೇಶನ್ ಮ್ಯಾಪಿಂಗ್ ಅನ್ನೂ ಆರಿಸಿಕೊಳ್ಳಬಹುದು. ಹಲವು ಉತ್ಪನ್ನಗಳ ಕೈಪಿಡಿಗಳು ಹಲವು ಭಾಷೆಗಳಲ್ಲಿ ಹೊರಬರಬೇಕಾದಾಗ ಮಾತ್ರ ಡಿಟಾದ ವೆಚ್ಚಕ್ಕೆ ಸಮರ್ಥನೆ ದೊರೆಯುತ್ತದೆ.