ಡ್ರೈನ್ ಬೋಲ್ಟಿನ ವಾಷರ್, ಕ್ಲಚ್ ಕವರಿನ ಪ್ಯಾಕಿಂಗ್: ಹಾಕಿ ನೋಡಿದ ಬಗೆಗಳ ಹೋಲಿಕೆ

ದಾವಣಗೆರೆಯಿಂದ ಜಗಳೂರು ರಸ್ತೆಯಲ್ಲಿ ನಿತ್ಯ ಓಡಾಡುವ ನನ್ನ ಸ್ಪ್ಲೆಂಡರಿಗೆ ಸುಮಾರು 3,000 ಕಿ.ಮೀ.ಗೊಮ್ಮೆ ಮನೆಯಂಗಳದಲ್ಲೇ ಇಂಜಿನ್ ಆಯಿಲ್ ಬದಲಿಸುತ್ತೇನೆ. ಯಾವ ಆಯಿಲ್ ಹಾಕಬೇಕೆಂದು ಕೇಳುವವರು ಬಹಳ ಮಂದಿ ಇದ್ದಾರೆ. ಆ ಆಯಿಲನ್ನು ಒಳಗೆ ತಡೆದು ನಿಲ್ಲಿಸುವ ವಾಷರ್, ಕವರಿನ ಸಂದಿಗೆ ಹಾಕುವ ಕಾಗದದ ಪ್ಯಾಕಿಂಗ್, ರಬ್ಬರಿನ ಓ ರಿಂಗ್‌ಗಳನ್ನು ವಿಚಾರಿಸುವವರು ಕಡಿಮೆ. ಎರಡು ವರ್ಷಗಳಿಂದ ಒಂದೇ ಗಾಡಿಗೆ, ಒಂದೇ 10ಡಬ್ಲ್ಯೂ30 ಆಯಿಲ್ ಹಾಕುತ್ತ, ವಾಷರುಗಳನ್ನು ಮಾತ್ರ ಬದಲಿಸಿ ನೋಡಿದ್ದೇನೆ. ಹಳೆಯ ಆಯಿಲ್ ಇಳಿಸಲು ಇಂಜಿನ್ನಿನ ತಳದಲ್ಲಿರುವ ಡ್ರೈನ್ ಬೋಲ್ಟನ್ನು ಬಿಗಿದ ಮೇಲೆ ಆ ತಳವನ್ನು ಚೊಕ್ಕಟವಾಗಿ ಒರೆಸಿ, ರಾತ್ರಿ ಗಾಡಿಯ ಕೆಳಗೆ ಹಳೆಯ ಪತ್ರಿಕೆ ಹಾಸಿ, ಮರುದಿನ ಬೆಳಿಗ್ಗೆ ಒಮ್ಮೆ, ವಾರದ ನಂತರ ಮತ್ತೊಮ್ಮೆ ಪರೀಕ್ಷಿಸುವುದು ನನ್ನ ಕ್ರಮ. ಹನಿ ಬೀಳದಿದ್ದರೂ ಬೋಲ್ಟಿನ ಸುತ್ತ ಧೂಳು ಅಂಟಿ ಕಪ್ಪು ಬಳೆಯಂತೆ ಕಂಡರೆ ಅದನ್ನು ಸೋರಿಕೆಯೆಂದೇ ಲೆಕ್ಕ ಹಿಡಿದಿದ್ದೇನೆ, ಏಕೆಂದರೆ ನಮ್ಮ ಕಡೆಯ ಎರೆಮಣ್ಣಿನ ಧೂಳು ಒಸರಿದ ಎಣ್ಣೆಯನ್ನು ಹನಿಗಟ್ಟುವ ಮೊದಲೇ ಹೀರಿಕೊಂಡುಬಿಡುತ್ತದೆ.

ಹಳೆಯ ಅಲ್ಯೂಮಿನಿಯಂ ವಾಷರನ್ನೇ ಮತ್ತೆ ಹಾಕುವುದು ಎಲ್ಲಕ್ಕಿಂತ ಹೆಚ್ಚು ರೂಢಿಯಲ್ಲಿರುವ ಪದ್ಧತಿ. ಹಾಗೆ ಬಿಚ್ಚಿದ ವಾಷರನ್ನು ಬಿಸಿಲಿಗೆ ಹಿಡಿದು ನೋಡಿದರೆ ಬೋಲ್ಟಿನ ತಲೆ ಒತ್ತಿದಲ್ಲಿ ತಗ್ಗು, ಅದರ ಅಂಚಿಗೆ ಸಣ್ಣ ಏರು ಕಾಣುತ್ತದೆ. ಉಗುರಿನಿಂದ ಸವರಿದರೆ ಏರು ಉಗುರಿಗೆ ತಗಲುತ್ತದೆ. ಮೆತ್ತಗಿನ ಲೋಹ ಹಿಸುಕಿಕೊಂಡು ಎದುರು ಮೈಯ ಗೀರುಗಳಲ್ಲಿ ತುಂಬಿಕೊಳ್ಳುವುದರಿಂದಲೇ ಎಣ್ಣೆ ನಿಲ್ಲುವುದು. ಮರಳಿ ಹಾಕುವಾಗ ವಾಷರ್ ಸ್ವಲ್ಪ ತಿರುಗಿ ಕುಳಿತರೂ ಆ ಅಚ್ಚು ಹೊಂದುವುದಿಲ್ಲ, ಮತ್ತೆ ಹಿಸುಕಿಕೊಳ್ಳುವಷ್ಟು ಮೆದುತನವೂ ಅದರಲ್ಲಿ ಉಳಿದಿರುವುದಿಲ್ಲ. ನನ್ನ ಗಾಡಿಯಲ್ಲಿ ಎರಡನೆಯ ಬಳಕೆಗೆ ಏನೂ ಆಗಲಿಲ್ಲ. ಮೂರನೆಯ ಬಳಕೆಯಲ್ಲಿ ನಾಲ್ಕನೆಯ ದಿನಕ್ಕೇ ಕಪ್ಪು ಬಳೆ ಮೂಡಿತು. ಇಲ್ಲಿ ನಿಜವಾದ ಅಪಾಯ ಸೋರಿಕೆಯದಲ್ಲ, ಅದನ್ನು ಕಂಡು ಬೋಲ್ಟನ್ನು ಇನ್ನಷ್ಟು ಬಿಗಿಯುವುದರದು. ಬೋಲ್ಟ್ ಉಕ್ಕಿನದು, ಇಂಜಿನ್ ಕೇಸ್ ಅಲ್ಯೂಮಿನಿಯಂನದು. ಆದ್ದರಿಂದ ಥ್ರೆಡ್ ಕಿತ್ತು ಬರುವುದು ಕೇಸಿನದು. ನಮ್ಮ ಬೀದಿಯ ಒಬ್ಬರು ಹೀಗೆಯೇ ಬಿಗಿದು, ಕೊನೆಗೆ ಇಂಜಿನ್ ಇಳಿಸಿ ಲೇತ್ ಅಂಗಡಿಯಲ್ಲಿ ಬುಷ್ ಕೂರಿಸಿಕೊಂಡು ಬರಬೇಕಾಯಿತು.

ಹೊಸ ಅಲ್ಯೂಮಿನಿಯಂ ವಾಷರ್ ಹಾಕಿದಾಗ 17 ನಂಬರಿನ ಪಾನಾದಲ್ಲಿ ಆ ಹಿಸುಕು ಕೈಗೇ ತಿಳಿಯುತ್ತದೆ: ಬೋಲ್ಟ್ ತಾಗಿದ ನಂತರ ಸ್ವಲ್ಪ ದೂರ ಮೆತ್ತಗೆ ತಿರುಗಿ, ಆಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿಗೆ ಕೈ ಬಿಡಬೇಕು. ಅಳತೆ 12 ಮಿ.ಮೀ., ಬೆಲೆ ಒಂದು ಚಹಾದಷ್ಟೂ ಇಲ್ಲ. ಪ್ರತಿ ಸಲವೂ ಹೊಸದನ್ನೇ ಹಾಕಿದ ಅವಧಿಯಲ್ಲಿ ನನಗೆ ಒಮ್ಮೆಯೂ ಬಳೆ ಕಾಣಲಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು. ಹಳೆಯ ವಾಷರ್ ಕೆಲವೊಮ್ಮೆ ಬೋಲ್ಟಿನ ಜೊತೆ ಬರದೆ ಕೇಸಿಗೇ ಅಂಟಿಕೊಂಡು, ಅದರ ಭಾಗವೇ ಎಂಬಂತೆ ಕಾಣುತ್ತದೆ. ಹಿಂದೊಮ್ಮೆ ನನ್ನ ಗಾಡಿಗೆ ಒಂದು ಗ್ಯಾರೇಜಿನಲ್ಲಿ ಅದರ ಮೇಲೆಯೇ ಹೊಸದನ್ನು ಕೂರಿಸಿಬಿಟ್ಟಿದ್ದರು. ಹೊಸ ವಾಷರ್ ಹಾಕಿಯೂ ಸೋರುವುದೇಕೆಂದು ತಿಳಿಯಲು ನನಗೆ ಎರಡು ತಿಂಗಳು ಹಿಡಿಯಿತು.

ತಾಮ್ರದ ವಾಷರಿನ ಮೇಲೆ ನನಗೆ ಮೊದಲಿನಿಂದಲೂ ಒಲವು, ಏಕೆಂದರೆ ಅದು ಎಸೆಯಬೇಕಾದ ವಸ್ತುವಲ್ಲ. ಒತ್ತಿದಷ್ಟೂ ಗಡುಸಾಗುವ ತಾಮ್ರವನ್ನು ಮಂದ ಕೆಂಪಿಗೆ ಬರುವವರೆಗೆ ಕಾಯಿಸಿದರೆ ಅದು ಮತ್ತೆ ಮೆತ್ತಗಾಗುತ್ತದೆ. ಅಡುಗೆಮನೆಯ ದೀಪ ಆರಿಸಿ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಒಡ್ಡುತ್ತೇನೆ. ಬೆಳಕಿದ್ದರೆ ಆ ಮಂದ ಕೆಂಪು ಕಣ್ಣಿಗೆ ಬೀಳುವುದಿಲ್ಲ. ನೀರಿಗೆ ಹಾಕಿದರೂ ಸರಿ, ಗಾಳಿಗೆ ಆರಿದರೂ ಸರಿ, ತಾಮ್ರದ ಮೆದುತನಕ್ಕೆ ವ್ಯತ್ಯಾಸವಿಲ್ಲ. ಕಪ್ಪು ಪೊರೆಯನ್ನು ನಯವಾದ ಎಮರಿ ಕಾಗದದಿಂದ ತೆಗೆಯಬೇಕು. ಇದೇ ಕ್ರಮವನ್ನು ಅಲ್ಯೂಮಿನಿಯಂಗೆ ಮಾಡಲಾಗದು. ಅದು ಕೆಂಪಗಾಗಿ ಸೂಚನೆ ಕೊಡದೆ 660 ಡಿಗ್ರಿಗೆ ಕರಗಿಯೇ ಹೋಗುತ್ತದೆ. ಒಂದೇ ತಾಮ್ರದ ವಾಷರನ್ನು ಮೂರು ಸಲ ಕಾಯಿಸಿ ಬಳಸಿದೆ, ಸೋರಲಿಲ್ಲ. ಕಾಯಿಸದೆ ಹಾಕಿದ ಒಂದು ಸಲ ಒಸರಿತು, ನಿಲ್ಲಿಸಲು ಹೆಚ್ಚು ಬಲ ಹಾಕಬೇಕೆನಿಸಿತು. ಹಳೆಯ ಕೇಸಿಗೆ ಅದು ಸಲ್ಲದ ಬಲ.

ಹರಿಹರದಲ್ಲಿ ಹೈಡ್ರಾಲಿಕ್ ಸಾಮಾನು ಮಾರುವ ಅಂಗಡಿಯಿಂದ ಡೌಟಿ ವಾಷರನ್ನೂ ತಂದು ನೋಡಿದೆ. ಉಕ್ಕಿನ ಬಳೆಯ ಒಳ ಅಂಚಿಗೆ ರಬ್ಬರ್ ತುಟಿ ಬೆಸೆದಿರುವ ಇದು ಕಡಿಮೆ ಬಿಗಿತದಲ್ಲಿಯೇ ಎಣ್ಣೆ ತಡೆಯುತ್ತದೆ, ನಾಲ್ಕು ಸಲದ ಬಳಕೆಗೂ ಜಗ್ಗಲಿಲ್ಲ. ಥ್ರೆಡ್ ಆಗಲೇ ಸವೆದಿರುವ ಗಾಡಿಗೆ ನಾನು ಇದನ್ನೇ ಹೇಳುತ್ತೇನೆ. ಥ್ರೆಡ್ ಗಟ್ಟಿಯಾಗಿರುವ ನನ್ನ ಗಾಡಿಗೆ ಮಾತ್ರ ಹೊಸ ಅಲ್ಯೂಮಿನಿಯಂ ಸಾಕು.

ಕ್ಲಚ್ ಕವರಿನ ಪ್ಯಾಕಿಂಗ್ ವಿಷಯ ಬೇರೆ. ಸ್ಪ್ಲೆಂಡರಿನಲ್ಲಿ ಕಾಗದದ ಫಿಲ್ಟರ್ ಇಲ್ಲ. ಬಲಗಡೆಯ ಈ ಕವರಿನ ಒಳಗೆ ತಿರುಗುವ ಫಿಲ್ಟರಿನಲ್ಲಿ ಕೆಸರು ಕೂರುತ್ತದೆ. ನಾಲ್ಕು ಆಯಿಲಿಗೊಮ್ಮೆ ಅದನ್ನು ಬಿಚ್ಚಿ ತೊಳೆಯುತ್ತೇನೆ. ಮೊದಲ ಸಲ ಪ್ಯಾಕಿಂಗ್ ಹರಿದಾಗ ಬರೀ ಸಿಲಿಕಾನ್ ಪೇಸ್ಟ್ ಹಚ್ಚಿ ಕವರ್ ಮುಚ್ಚಿದ್ದೆ. ಹೊರಗೆ ಒಂದು ಹನಿಯೂ ಸೋರಲಿಲ್ಲ. ಆದರೆ ಮುಂದಿನ ಸಲ ಬಿಚ್ಚಿದಾಗ, ಒಳ ಅಂಚಿನಲ್ಲಿ ಶಾವಿಗೆಯಂತೆ ಪೇಸ್ಟಿನ ಎಳೆಗಳು ಜೋತಾಡುತ್ತಿದ್ದವು, ಒಂದು ತುಂಡು ಕಳಚಿ ಆಯಿಲ್ ಜಾಲರಿಗೆ ಅಂಟಿತ್ತು. ಜಾಲರಿ ಕಟ್ಟಿದರೆ ಪಂಪಿಗೆ ಆಯಿಲ್ ಹತ್ತುವುದಿಲ್ಲ. ಹೊರಗಿನ ಸೋರಿಕೆಯಾದರೂ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಎರಡನೆಯ ಸಲ ಪ್ಯಾಕಿಂಗ್ ಹಾಳೆ ತಂದು, ಕವರಿನ ಮೇಲಿಟ್ಟು, ಅಂಚಿನುದ್ದಕ್ಕೂ ಸಣ್ಣ ಸುತ್ತಿಗೆಯಿಂದ ತಟ್ಟಿ ಕತ್ತರಿಸಿಕೊಂಡೆ. ಕೆಲಸ ನಡೆಯಿತು, ಆದರೆ ಹಾಳೆಯ ದಪ್ಪ ಮೂಲದ್ದಕ್ಕಿಂತ ಹೆಚ್ಚಾಗಿ ಕೆಳಗಿನ ಬೋಲ್ಟಿನ ಬಳಿ ಒಸರಿತು. ಮೂರನೆಯ ಸಲ ಕಂಪನಿಯ ಪ್ಯಾಕಿಂಗಿಗೆ ಎರಡೂ ಕಡೆ ತೆಳುವಾಗಿ ಗ್ರೀಸ್ ಸವರಿ ಹಾಕಿದೆ. ಅದು ಸೋರಲೂ ಇಲ್ಲ, ಬಿಚ್ಚುವಾಗ ಹರಿಯದೆ ಇಡಿಯಾಗಿ ಬಂದಿತು. ಅಂಟಿದ ಹಳೆಯ ಕಾಗದವನ್ನು ಸ್ಕ್ರೂಡ್ರೈವರಿನಿಂದ ಕೆರೆಯಬಾರದು, ಅದು ಮಾಡುವ ಗೀರನ್ನು ಯಾವ ಪ್ಯಾಕಿಂಗೂ ಮುಚ್ಚಲಾರದು. ಚೂಪು ಮಾಡಿದ ಬಿದಿರಿನ ಚಕ್ಕೆ ಸಾಕು.

ತಮ್ಮನ ಪಲ್ಸರಿನಲ್ಲಿ ಫಿಲ್ಟರ್ ಮುಚ್ಚಳದ ಓ ರಿಂಗನ್ನು ಫಿಲ್ಟರಿನೊಡನೆಯೇ ಬದಲಿಸುತ್ತೇವೆ. ಹಳೆಯದನ್ನು ಕತ್ತರಿಸಿ ನೋಡಿದರೆ ದುಂಡಗಿದ್ದದ್ದು ಒಂದು ಮಗ್ಗುಲಿಗೆ ಚಪ್ಪಟೆಯಾಗಿರುತ್ತದೆ, ಮುಂದೆ ಹೋಲಿಸಬೇಕಾದ್ದೇನೂ ಉಳಿಯುವುದಿಲ್ಲ.

ಅದೇ ಪಲ್ಸರಿನ ಡಿಸ್ಕ್ ಬ್ರೇಕಿಗೆ ಡಾಟ್ 4 ಬ್ರೇಕ್ ಆಯಿಲ್ ಬದಲಿಸುವಾಗ ಹೋಸ್ ಬಿಚ್ಚಿದ್ದರೆ ಬೋಲ್ಟಿನ ಎರಡೂ ಬದಿಯ ವಾಷರುಗಳನ್ನು ಹೊಸದಾಗಿಯೇ ಹಾಕುತ್ತೇವೆ. ಇಂಜಿನ್ ಆಯಿಲಿಗೆ ಒಗ್ಗುವ ನೈಟ್ರೈಲ್ ರಬ್ಬರ್ ಬ್ರೇಕ್ ಆಯಿಲಿನಲ್ಲಿ ಊದಿಕೊಳ್ಳುತ್ತದೆ, ಬ್ರೇಕಿನ ರಬ್ಬರ್ ಇಂಜಿನ್ ಆಯಿಲಿನಲ್ಲಿ ಊದುತ್ತದೆ. ಆದ್ದರಿಂದ ಎರಡರ ಸೀಲುಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬ್ರೇಕಿನಲ್ಲಿ ಹಳೆಯ ವಾಷರ್ ಎಷ್ಟು ಸಲ ಬಾಳುತ್ತದೆಂದು ನಾನು ಪರೀಕ್ಷಿಸಿಲ್ಲ, ಪರೀಕ್ಷಿಸುವುದೂ ಇಲ್ಲ.