ಬದಿಯಡ್ಕ–ಪೆರ್ಲ ರಸ್ತೆಯ ಬೋರ್ಡಿಲ್ಲದ ವರ್ಕ್‌ಶಾಪ್: ಟ್ಯಾಂಕಿನ ತುಕ್ಕು ತೆಗೆಸಿ ಒಂದು ಮಳೆಗಾಲ ಕಳೆದ ಮೇಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಒಂದು ತಗಡಿನ ಶೆಡ್ ಇದೆ. ಬೋರ್ಡಿಲ್ಲ. ಎದುರಿಗೆ ನಾಲ್ಕೈದು ಹಳೆ ರೇಡಿಯೇಟರ್ ಗೋಡೆಗೆ ಒರಗಿಸಿಟ್ಟಿರುತ್ತವೆ, ಅದೇ ಗುರುತು. ರೇಡಿಯೇಟರ್ ಆಚಾರ್ರ ಅಂಗಡಿ ಎಲ್ಲಿ ಅಂತ ಕೇಳಿದರೆ ಸಾಕು, ಯಾರಾದರೂ ತೋರಿಸುತ್ತಾರೆ. ಲಾರಿ, ಟಿಪ್ಪರ್‌ಗಳ ರೇಡಿಯೇಟರ್ ಬೆಸುಗೆ ಅವರ ಮುಖ್ಯ ಕೆಲಸ. ಬೈಕಿನ ಪೆಟ್ರೋಲ್ ಟ್ಯಾಂಕಿನ ತುಕ್ಕು ತೆಗೆಯುವುದು ನಡುವೆ ಪುರುಸೊತ್ತಿದ್ದಾಗ ಮಾಡುವ ಕೆಲಸ. ಅದರ ಬಗ್ಗೆ ಬರೆಯಬೇಕು ಅಂತ ಅಂದೇ ಅನಿಸಿತ್ತು. ಆದರೆ ಒಂದು ಮಳೆಗಾಲ ಕಾದೆ. ಮಾಡಿಸಿದ ವಾರವೇ ಹೊಗಳಿ ಬರೆದು ಪ್ರಯೋಜನವಿಲ್ಲ. ತುಕ್ಕು ತಿರುಗಿ ಬರುವುದು ಮಳೆಗಾಲದಲ್ಲೇ ಅಲ್ವಾ?

ಬೈಕು ಅಪ್ಪನದು. 1994ರ ಯಮಾಹಾ ಆರ್‌ಎಕ್ಸ್ 100, ಕೆಎಲ್ 14 ನಂಬರು. ಆ ಗಾಡಿ ತಯಾರಾಗುವುದು 1996ಕ್ಕೇ ನಿಂತುಹೋಗಿದೆ. ಟ್ಯಾಂಕ್ ಕಂಪನಿಯದೇ, ಬದಿಯ ಪಟ್ಟಿ ಕೂಡ ಹಳೆಯದೇ. ಡೂಪ್ಲಿಕೇಟ್ ಟ್ಯಾಂಕ್ ಸಿಗುತ್ತದೆ, ನಾನು ನೋಡಿಯೂ ಬಂದೆ. ಬೆರಳಲ್ಲಿ ಒತ್ತಿದರೆ ತಗಡು ಒಳಗೆ ಹೋಗುತ್ತದೆ. ಅಪ್ಪ ಮೂವತ್ತು ವರ್ಷ ಮೊಣಕಾಲು ತಾಗಿಸಿ ಬಣ್ಣ ಸವೆಸಿದ ಟ್ಯಾಂಕನ್ನು ಬಿಸಾಡಿ ಅದನ್ನು ಕೂರಿಸಲು ನನಗೆ ಮನಸ್ಸಾಗಲಿಲ್ಲ.

ತುಕ್ಕು ಹಿಡಿದದ್ದು ನನ್ನಿಂದಲೇ. ನಮ್ಮ ಕಡೆಯವರಿಗೆ ಗೊತ್ತಿರುವ ಸಂಗತಿ ಇದು: ಕೇರಳದ ಪಂಪಿಗಿಂತ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಪೆಟ್ರೋಲಿಗೆ ಕೆಲವು ರೂಪಾಯಿ ಕಮ್ಮಿ. ವಿಟ್ಲ ಕಡೆ ಹೋದಾಗ ತುಂಬಿಸಿದರಾಯಿತು ಅಂತ ಇಲ್ಲಿ ಅರ್ಧ ಲೀಟರ್, ಒಂದು ಲೀಟರ್ ಹಾಕಿಕೊಂಡು ಓಡಾಡುತ್ತಿದ್ದೆ. ಆ ವರ್ಷ ಮಳೆ ಬಿಡಲೇ ಇಲ್ಲ. ಅಡಿಕೆ ತೋಟಕ್ಕೆ ಮದ್ದು ಬಿಡುವುದು ತಡವಾಯಿತು, ಕೊಳೆರೋಗದ ಗಡಿಬಿಡಿಯಲ್ಲಿ ಬೈಕನ್ನು ಯಾರು ಕೇಳುತ್ತಾರೆ? ಆಟಿ (ಜುಲೈ–ಆಗಸ್ಟ್ ಹೊತ್ತಿನ ತುಳು ತಿಂಗಳು) ಇಡೀ ಅದು ಕೊಟ್ಟಿಗೆಯ ಬದಿಯಲ್ಲಿ ರಿಸರ್ವ್ ಪೆಟ್ರೋಲಿನಲ್ಲಿ ನಿಂತಿತ್ತು. ಟ್ಯಾಂಕಿನ ಮುಕ್ಕಾಲು ಭಾಗ ಬರೀ ಗಾಳಿ. ಆ ಗಾಳಿಯಲ್ಲಿರುವ ತೇವ ರಾತ್ರಿ ತಂಪಿಗೆ ಒಳಗಿನ ತಗಡಿನ ಮೇಲೆ ಬೆವರಿನ ಹಾಗೆ ಕೂರುತ್ತದೆ, ಹನಿಯಾಗಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ಅಡಿಗೆ ಹೋಗಿ ನಿಲ್ಲುತ್ತದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಬೇರೆ. ಅದು ನೀರನ್ನು ಎಳೆದುಕೊಳ್ಳುವ ವಸ್ತು. ನೀರು ಜಾಸ್ತಿಯಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ದಿನಾ ಓಡುವ ಗಾಡಿಗೆ ಇದು ಅಷ್ಟು ತೊಂದರೆಯಲ್ಲ. ನಿಂತ ಗಾಡಿಗೆ ಕಷ್ಟ.

ಮಾವನ ಹಳೇ ಯೆಜ್ಡಿಗೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಅದರ ಜಿಡ್ಡು ತಗಡಿಗೆ ಹಿಡಿದು ಸ್ವಲ್ಪ ಕಾಪಾಡುತ್ತಿತ್ತು. ಆರ್‌ಎಕ್ಸ್‌ನಲ್ಲಿ ಆಯಿಲ್ ಬೇರೆ ಡಬ್ಬಿಗೆ, ಟ್ಯಾಂಕಿಗೆ ಬರೀ ಪೆಟ್ರೋಲ್. ಆ ಜಿಡ್ಡಿನ ಉಪಕಾರ ಇದಕ್ಕಿಲ್ಲ.

ಮಳೆ ಬಿಟ್ಟ ಮೇಲೆ ಗಾಡಿ ಸ್ಟಾರ್ಟೇನೋ ಆಯಿತು. ನೀರ್ಚಾಲು ಚಡಾವಿನಲ್ಲಿ ನಿಂತಿತು. ಕಾರ್ಬೋರೇಟರ್ ಬಿಚ್ಚಿದರೆ ಅಡಿಯ ಬಟ್ಟಲಿನಲ್ಲಿ ಮೆಣಸಿನ ಪುಡಿಯಂಥ ಕೆಂಪು ಪುಡಿ. ತೊಳೆದು ಜೆಟ್ ಊದಿ ಹಾಕಿದೆ, ಎರಡು ದಿನ ಓಡಿತು. ಮತ್ತೆ ಅದೇ. ಮೂರನೇ ಸಲ ಟ್ಯಾಂಕಿನ ಬಾಯಿಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಹಳೇ ಬಾವಿಯ ಕಲ್ಲಿನ ಹಾಗೆ ಚಕ್ಕೆ ಚಕ್ಕೆ ಎದ್ದಿತ್ತು.

ಮೊದಲು ಕೊಟ್ಟದ್ದು ಆಚಾರ್ರಿಗಲ್ಲ. ಪೇಟೆಯ ಒಂದು ಗ್ಯಾರೇಜಿಗೆ. ಅದರ ಹೆಸರು ಇಲ್ಲಿ ಬೇಡ. ಸಂಜೆಯೊಳಗೆ ಮಾಡಿ ಕೊಡುತ್ತೇವೆ ಅಂದರು, ಕೊಟ್ಟರು ಕೂಡ. ಟಾರ್ಚ್ ಹಾಕಿದರೆ ಒಳಗೆ ಬೆಳ್ಳಗೆ. ಬಾಯಿಯ ಸುತ್ತ ಮಾತ್ರ ಬಣ್ಣ ಕಿತ್ತುಹೋಗಿತ್ತು. ಹಾಕಿದ್ದು ಕಕ್ಕಸು ತೊಳೆಯುವ ಆಸಿಡ್ ಅಂತ ಆಮೇಲೆ ಗೊತ್ತಾಯಿತು. ಮರುದಿನ ಬೆಳಿಗ್ಗೆ ನೋಡುವಾಗ ಒಳಗಿಡೀ ಕಿತ್ತಳೆ ಬಣ್ಣ. ಒಂದೇ ರಾತ್ರಿ! ಆ ಆಸಿಡ್ ತುಕ್ಕನ್ನು ತಿಂದು ಮುಗಿಸಿ ತಗಡಿಗೂ ಬಾಯಿ ಹಾಕುತ್ತದೆ. ಸರಿಯಾಗಿ ತೊಳೆಯದಿದ್ದರೆ ಉಳಿದ ಅಂಶ ಹೊಸ ತುಕ್ಕನ್ನು ಕರೆದು ಕೂರಿಸುತ್ತದೆ. ಅವರು ನೀರಲ್ಲಿ ಒಂದು ಸಲ ಕುಲುಕಿ ಹಾಗೇ ಕೊಟ್ಟಿದ್ದರು. ಕೇಳಿದ್ದಕ್ಕೆ, ಹಳೇ ಟ್ಯಾಂಕ್ ಅಲ್ವಾ, ಹಾಗೇ ಅಂದರು. ನನಗೆ ತುಂಬ ಬೇಜಾರಾಯಿತು. ದುಡ್ಡಿಗಲ್ಲ, ಆ ಬಣ್ಣಕ್ಕೆ.

ಆಚಾರ್ರ ಬಗ್ಗೆ ಹೇಳಿದ್ದು ನಮ್ಮಲ್ಲಿ ಅಡಿಕೆ ಕೊಯ್ಯಲು ಬರುವವನು. ಟ್ಯಾಂಕ್ ಬಿಚ್ಚಿ ಗೋಣಿಯಲ್ಲಿ ಸುತ್ತಿ ಬಸ್ಸಲ್ಲಿ ತೆಗೆದುಕೊಂಡು ಹೋದೆ. ಆಚಾರ್ರು ಮೊದಲು ಮೂಗಿಟ್ಟು ನೋಡಿದರು. ಆಮೇಲೆ ಬಾಯಿಯೊಳಗೆ ಬೆರಳು ಹಾಕಿ ಉಜ್ಜಿ, ಬೆರಳನ್ನು ಬಿಸಿಲಿಗೆ ಹಿಡಿದರು.

"ಆಸಿಡ್ ಯಾರು ಹಾಕಿದ್ದು ಭಟ್ರೆ?"

ಹೇಳಿದೆ.

"ತುಕ್ಕು ತೆಗೆಯುವುದು ಒಂದು ದಿನದ ಕೆಲಸ. ಅದು ಪುನಃ ಬಾರದ ಹಾಗೆ ಮಾಡಲಿಕ್ಕೆ ಮೂರು ದಿನ ಬೇಕು. ಇಟ್ಟು ಹೋಗ್ತೀರಾ?"

ನಾವು ಮಾತಾಡಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಆ ಮಾತಿನ ಗಟ್ಟಿತನ ಸ್ವಲ್ಪ ಕಮ್ಮಿಯಾಗುತ್ತದೆ. ಇಟ್ಟು ಹೋಗಲಿಲ್ಲ, ಮೂರು ದಿನವೂ ಹೋಗಿ ಕೂತೆ. ಅವರು ಬೇಡ ಅನ್ನಲಿಲ್ಲ. ನೋಡಲಿಕ್ಕೆ ಬಿಡುವ ವರ್ಕ್‌ಶಾಪ್ ಎಷ್ಟಿವೆ ಹೇಳಿ?

ಮೊದಲ ದಿನ ಪೆಟ್ರೋಲ್ ಕಾಕ್ (ಟ್ಯಾಂಕಿನ ಅಡಿಯ ನಲ್ಲಿ) ಬಿಚ್ಚಿದರು. ಆ ತೂತಿಗೆ ಹಳೇ ಲಾರಿ ಟ್ಯೂಬಿನ ರಬ್ಬರ್ ಕತ್ತರಿಸಿಟ್ಟು, ಮೇಲೊಂದು ತಗಡು ಇಟ್ಟು ಬೋಲ್ಟ್ ಬಿಗಿದರು. ಬಾಯಿಯ ಸುತ್ತ ಗ್ರೀಸ್ ಬಳಿದು ಪ್ಲಾಸ್ಟಿಕ್ ಕಟ್ಟಿದರು, ಉಳಿದ ಬಣ್ಣಕ್ಕೆ ಏನೂ ಆಗಬಾರದು ಅಂತ. ಬಿಸಿ ನೀರು, ಸೋಪಿನ ಪುಡಿ ಹಾಕಿ ಎರಡು ಸಲ ತೊಳೆದರು. ಒಳಗಿನ ಪೆಟ್ರೋಲಿನ ಅಂಟು ಹೋಗದಿದ್ದರೆ ಹುಳಿ ತಗಡಿಗೆ ತಾಗುವುದೇ ಇಲ್ಲವಂತೆ.

ಆಮೇಲೆ ಒಂದು ಡಬ್ಬಿಯಿಂದ ಸಣ್ಣ ನಟ್‌ಗಳನ್ನು ತೆಗೆದರು. ಬೆಂಚಿನ ಮೇಲೆ ಹತ್ತು ಹತ್ತರ ಸಾಲು ಮಾಡಿ ಜೋಡಿಸಿದರು. ನಾಲ್ಕು ಸಾಲು. ಒಟ್ಟು 40. ಸೀಮೆಸುಣ್ಣದಲ್ಲಿ ಬೆಂಚಿನ ಮೇಲೆ 40 ಅಂತ ಬರೆದರು. ಒಂದೊಂದಾಗಿ ಟ್ಯಾಂಕಿಗೆ ಹಾಕಿ, ಸ್ವಲ್ಪ ನೀರು ಹೊಯ್ದು, ಹಳೇ ಕಂಬಳಿ ಸುತ್ತಿ, ಮಡಿಲಲ್ಲಿಟ್ಟು ಮಗುವನ್ನು ತೂಗಿದ ಹಾಗೆ ತೂಗಲು ಶುರು ಮಾಡಿದರು. ಮೊದಲು ಬರುವ ಸದ್ದು ಮಂದ, ಮಣ್ಣಿನ ಮೇಲೆ ಕಲ್ಲು ಉರುಳಿದ ಹಾಗೆ. ಕಾಲು ಗಂಟೆ ಕಳೆದ ಮೇಲೆ ಸದ್ದು ತೆಳುವಾಗುತ್ತದೆ. ಅರ್ಧ ಗಂಟೆಗೆ ನಟ್ಟು ತಗಡಿಗೆ ತಾಗುವ ಟಣ್ ಟಣ್ ಕೇಳುತ್ತದೆ. ಎಡಬದಿ ಕೆಳಗಿನ ಮೂಲೆಯಲ್ಲಿ ಮಾತ್ರ ಮಂದವಾಗಿಯೇ ಉಳಿಯಿತು. ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಎಡಕ್ಕೆ ವಾಲುತ್ತದೆ, ಎಲ್ಲ ನೀರೂ ಆ ಮೂಲೆಗೇ ಹೋಗಿ ನಿಲ್ಲುತ್ತದೆ. ಇಷ್ಟು ವರ್ಷ ಆ ಗಾಡಿ ಓಡಿಸಿಯೂ ನಾನು ಇದನ್ನು ಯೋಚಿಸಿರಲಿಲ್ಲ. ಅವರು ಆ ಮೂಲೆಯನ್ನೇ ಕೆಳಗೆ ಮಾಡಿ ಇನ್ನೊಂದು ಅರ್ಧ ಗಂಟೆ ತೂಗಿದರು.

ನೀರು ಬಗ್ಗಿಸಿದಾಗ ಬಂದದ್ದು ಕಾಫಿ ಗಸಿಯ ಹಾಗಿತ್ತು. ಬಟ್ಟೆಯಲ್ಲಿ ಸೋಸಿ ನಟ್ ಎಣಿಸಿದರು. 38. ಟ್ಯಾಂಕಿನ ಹೊಟ್ಟೆ ಕುದುರೆ ಜೀನಿನ ಹಾಗೆ ಎರಡು ಕಡೆ ಇಳಿದಿರುತ್ತದೆ, ಆಚೆ ಬದಿಗೆ ಹೋದದ್ದು ಸುಲಭದಲ್ಲಿ ಬರುವುದಿಲ್ಲ. ಒಂದು ಅಯಸ್ಕಾಂತವನ್ನು ತಂತಿಗೆ ಕಟ್ಟಿ ಹುಡುಕಿ 39ನೆಯದನ್ನು ತೆಗೆದರು. ಕೊನೆಯದಕ್ಕೆ ಮುಕ್ಕಾಲು ಗಂಟೆ ಹೋಯಿತು. ಹೊರಗೆ ಒಬ್ಬ ಟಿಪ್ಪರ್ ಡ್ರೈವರ್ ಹಾರ್ನ್ ಹೊಡೆಯುತ್ತಾ ಕಾಯುತ್ತಿದ್ದ. ಆಚಾರ್ರು ತಿರುಗಿಯೂ ನೋಡಲಿಲ್ಲ. 40 ಆದ ಮೇಲೆ ಸೀಮೆಸುಣ್ಣದ ಅಂಕೆ ಒರೆಸಿ ಎದ್ದರು. ಈ ಕೈಗೆ ಟ್ಯಾಂಕ್ ಕೊಡಬಹುದು ಅಂತ ನನಗೆ ಖಾತ್ರಿಯಾದದ್ದು ಆ ಹೊತ್ತಿಗೆ.

ಸಂಜೆ ಬಿಸಿ ನೀರಿಗೆ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿದರು, ಲೀಟರಿಗೆ 100 ಗ್ರಾಮಿನ ಲೆಕ್ಕ. ಒಟ್ಟು ಒಂದು ಕಿಲೋ ಹಿಡಿಯಿತು. ನಿಂಬೆ ಹುಳಿಯಲ್ಲಿರುವುದೂ ಅದೇ ವಸ್ತು. ಅಜ್ಜಿ ಹಿತ್ತಾಳೆ ದೀಪಕ್ಕೆ ಬಿಂಬುಳಿ ಉಜ್ಜುತ್ತಿದ್ದದ್ದು ನನಗೆ ನೆನಪಾಯಿತು. ಹುಳಿಗೆ ಕಿಲುಬು, ತುಕ್ಕು ಬಿಡಿಸುವ ಗುಣ ಇದೆ. ಟ್ಯಾಂಕನ್ನು ಬಾಯಿವರೆಗೆ ತುಂಬಿಸಿದರು. ಕಮ್ಮಿ ತುಂಬಿಸಿದರೆ ಮೇಲಿನ ಭಾಗ ಹಾಗೇ ಉಳಿಯುತ್ತದೆ. ಸಣ್ಣ ಗುಳ್ಳೆ ಏಳುತ್ತಿದ್ದವು. ಮುಚ್ಚಳ ಬಿಗಿಯಲಿಲ್ಲ, ಗಾಳಿ ಹೋಗಲಿ ಅಂತ.

ಮರುದಿನ ಸಂಜೆಯ ಕೆಲಸವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಹುಳಿ ನೀರು ಬಗ್ಗಿಸಿದ ಕೂಡಲೇ ತಗಡು ಬತ್ತಲೆ. ಗಾಳಿ ತಾಗಿದರೆ ಕೆಲವೇ ನಿಮಿಷಕ್ಕೆ ಪುನಃ ಕೆಂಪಾಗಲು ಶುರು. ಹಾಗಾಗಿ ಎಲ್ಲವನ್ನೂ ಮೊದಲೇ ಸಾಲಾಗಿ ಇಟ್ಟುಕೊಂಡಿದ್ದರು: ತೊಳೆಯುವ ನೀರು, ಸೋಡಾ ಕರಗಿಸಿದ ನೀರು, ಸ್ಪಿರಿಟ್, ಬ್ಲೋವರ್, ಆಯಿಲ್. ಒಂದಾದ ಮೇಲೊಂದು, ನಡುವೆ ಮಾತಿಲ್ಲ. ಸೋಡಾ ನೀರಿಗೆ ನೊರೆ ಬಂತು, ಅಂದರೆ ಹುಳಿ ಇನ್ನೂ ಇದೆ. ಎರಡನೇ ಸಲ ನೊರೆ ಬರಲಿಲ್ಲ. ನನ್ನ ಕಿಸೆಯಲ್ಲಿ ಲಿಟ್ಮಸ್ ಕಾಗದ ಇತ್ತು, ಕೊಳೆರೋಗದ ಬೋರ್ಡೋ ಮದ್ದು ಮಾಡುವಾಗ ನೋಡುವುದು. ತೋಟದ ಮದ್ದಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಗದೆ ಹುಳಿ ಉಳಿದರೆ ಅಡಿಕೆ ಸುಟ್ಟುಹೋಗುತ್ತದೆ. ಅಪ್ಪ ಕತ್ತಿ ಅದ್ದಿ ನೋಡುತ್ತಿದ್ದರು, ಕತ್ತಿಗೆ ತಾಮ್ರದ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಕಾಗದವನ್ನು ಟ್ಯಾಂಕಿನ ನೀರಿಗೆ ಅದ್ದಿದೆ. ನೀಲಿ ನೀಲಿಯಾಗಿಯೇ ಉಳಿಯಿತು, ಅಂದರೆ ಹುಳಿ ಉಳಿದಿಲ್ಲ. ಆಚಾರ್ರು ಅದನ್ನು ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದರು. "ಇದು ಎಲ್ಲಿ ಸಿಗ್ತದೆ ಭಟ್ರೆ?" ಅಂತ ಕೇಳಿದರು. ಆ ಕಾಗದದ ಪುಸ್ತಕವನ್ನೇ ಕೊಟ್ಟು ಬಂದೆ.

ಸ್ಪಿರಿಟ್ ಹಾಕುವ ಮೊದಲು ಒಲೆ ಆರಿಸಿ, ಟ್ಯಾಂಕನ್ನು ಅಂಗಳದ ಆಚೆ ತುದಿಗೆ ಒಯ್ದರು. ಅದು ಮಡಿಕೆಗಳಲ್ಲಿ ಸಿಕ್ಕಿಬಿದ್ದ ನೀರನ್ನು ಎಳೆದು ತರುತ್ತದೆ. ಬ್ಲೋವರ್‌ನಲ್ಲಿ ಒಣಗಿಸಿದ ಮೇಲೆ ಟಾರ್ಚ್ ಬಿಟ್ಟು ತೋರಿಸಿದರು. ಬೂದು ಬಣ್ಣ, ಹೊಸ ಕೊಡೆಕಡ್ಡಿಯ ಹಾಗೆ. ಎಡ ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಹೊರಗಿನಿಂದ ಕಾಣುತ್ತಿತ್ತು. ತೂತು. ಇಷ್ಟು ದಿನ ತುಕ್ಕೇ ಅದನ್ನು ಮುಚ್ಚಿತ್ತು. ಮೂರನೇ ದಿನ ಬೆಂಕಿ ತೋರಿಸದೆ, ಕಾಯಿಸಿದ ಬೆಸುಗೆ ಕೋಲಿನಲ್ಲೇ ಈಯ ಹಾಕಿ ಮುಚ್ಚಿದರು. ಒಳಗೆ ಪೆಟ್ರೋಲ್ ಆವಿ ಉಳಿದ ಟ್ಯಾಂಕಿಗೆ ಜ್ವಾಲೆ ತೋರಿಸಿದರೆ ಬಾಂಬು.

ಒಳಗೆ ಕೋಟಿಂಗ್ ಹಾಕಿಸಬೇಕಾ ಅಂತ ಕೇಳಿದೆ. ಬೇಡ ಅಂದರು. ತಗಡು ಗಟ್ಟಿ ಇರುವಾಗ ಬೇಡ, ಸರಿಯಾಗಿ ಒಣಗದ ಕಡೆ ಅದು ಸಿಪ್ಪೆಯ ಹಾಗೆ ಎದ್ದು ಕಾಕಿಗೆ ಸಿಕ್ಕಿಕೊಳ್ಳುತ್ತದೆ. ಹೇಳಿದ್ದರೆ ನಾನು ಹಾಕಿಸುತ್ತಿದ್ದೆ, ಅವರಿಗೆ ಇನ್ನೂ ದುಡ್ಡು ಸಿಗುತ್ತಿತ್ತು. ಬದಲಿಗೆ ಸ್ವಲ್ಪ 2ಟಿ (ಟೂ-ಸ್ಟ್ರೋಕ್ ಇಂಜಿನಿನ) ಆಯಿಲನ್ನು ಪೆಟ್ರೋಲಿಗೆ ಬೆರೆಸಿ ಒಳಗೆಲ್ಲ ಆಡಿಸಿ ಕೊಟ್ಟರು. ಇವತ್ತೇ ಬಾಯಿವರೆಗೆ ಪೆಟ್ರೋಲ್ ತುಂಬಿಸಿ ಅಂದರು.

ತೆಗೆದುಕೊಂಡದ್ದು 1,350 ರೂಪಾಯಿ. ಅದರಲ್ಲಿ ಬೆಸುಗೆ 250. ಮೂರು ದಿನದ ಕೆಲಸಕ್ಕೆ ಇದು ಕಮ್ಮಿ ಅಂತಲೇ ನನ್ನ ಅಭಿಪ್ರಾಯ.

ಕೊರತೆಗಳೂ ಇವೆ. ಫೋನ್ ಎತ್ತುವುದಿಲ್ಲ. ಬಿಲ್ ಇಲ್ಲ. ರೇಡಿಯೇಟರ್ ಬಂದರೆ ಟ್ಯಾಂಕ್ ಬದಿಗೆ ಹೋಗುತ್ತದೆ, ಅವಸರದವರು ಹೋಗಬೇಡಿ. ಕಾಕಿನ ವಾಷರ್, ಮುಚ್ಚಳದ ರಬ್ಬರ್ ಅವರಲ್ಲಿ ಸಿಗುವುದಿಲ್ಲ, ಹಳೆಯದನ್ನೇ ಹಾಕಿ ಕೊಟ್ಟರು. ವಾಷರ್ ಸೋರಿತು, ನಾನೇ ಕಾಸರಗೋಡಿನಿಂದ ತಂದು ಹಾಕಿದೆ. ಇನ್ನೊಂದು ಮಾತು ಅವರಲ್ಲೇ ಹೇಳಿದ್ದೇನೆ: ಹುಳಿ ನೀರನ್ನು ಶೆಡ್ಡಿನ ಹಿಂದೆ ತೋಡಿನ ಬದಿಗೆ ಚೆಲ್ಲುವುದು ಸರಿಯಲ್ಲ. ಆ ತೋಡಿನ ನೀರು ಕೆಳಗೆ ಯಾರದೋ ತೋಟಕ್ಕೆ ಹೋಗುತ್ತದೆ. ಸುಣ್ಣ ಹಾಕಿ ಒಂದು ಗುಂಡಿಗೆ ಬಿಡಿ ಅಂದೆ. ಹೂಂ ಅಂದರು. ಮೊನ್ನೆ ಹೋದಾಗ ಗುಂಡಿ ತೋಡಿದ್ದು ಕಂಡೆ, ಬದಿಯಲ್ಲಿ ಸುಣ್ಣದ ಚೀಲವೂ ಇತ್ತು.

ಈ ವರ್ಷ ಜೂನಿನಿಂದ ಟ್ಯಾಂಕ್ ತುಂಬಿಸಿಯೇ ಇಟ್ಟೆ, ಇಲ್ಲಿನ ಪಂಪಿನಲ್ಲೇ. ಕಾಕಿನ ಕೆಳಗೆ ಒಂದು ಪಾರದರ್ಶಕ ಫಿಲ್ಟರ್ ಹಾಕಿದ್ದೇನೆ. ಆಟಿ ಕಳೆದ ಮೇಲೆ ನೋಡಿದರೆ ತಳದಲ್ಲಿ ನಾಲ್ಕೈದು ಕೆಂಪು ಕಣ, ಅಷ್ಟೇ. ಬೆಸುಗೆಯ ಜಾಗ ಒಣಗಿದೆ. ನೀರ್ಚಾಲು ಚಡಾವಿನಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತದೆ, ಹಿಂದೆ ಅಪ್ಪನನ್ನು ಕೂರಿಸಿಕೊಂಡರೂ.

ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಹೊಸ ವಾಷರ್, ಮುಚ್ಚಳದ ರಬ್ಬರ್ ಕೈಯಲ್ಲೇ ಇರಲಿ. ಪೆಟ್ರೋಲನ್ನು ಮಾತ್ರ ಮನೆಯಲ್ಲೇ ಪೂರ್ತಿ ಇಳಿಸಿ, ಟ್ಯಾಂಕನ್ನು ಒಂದು ದಿನ ಗಾಳಿಗೆ ಬಾಯಿ ತೆರೆದಿಟ್ಟು ತೆಗೆದುಕೊಂಡು ಹೋಗಿ. ಆ ಶೆಡ್ಡಿನಲ್ಲಿ ಬೆಸುಗೆಯ ಒಲೆ ಹೆಚ್ಚಾಗಿ ಉರಿಯುತ್ತಲೇ ಇರುತ್ತದೆ.